ಆರಿಸುವ ಮುನ್ನ ಎರಡು ನಿಮಿಷ

ನನ್ನ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಗಾಡಿಯಿಂದ ಯಾವ ಭಾಗ ಕೆಟ್ಟು ಹೊರಗೆ ಬಂದರೂ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಗಾಡಿಯವರ ಕೈಗೇ ಕೊಡುತ್ತೇನೆ. ಕೆಟ್ಟಿದ್ದು ಇದು, ಇಲ್ಲಿ ಕೆಟ್ಟಿದೆ, ಈ ಕಾರಣಕ್ಕೆ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಬಿಳಿ ಅಂಗಿಯವರು ಎರಡೇ ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಹಿಡಿದ ಹಾಗೆ ಮುಖ ಮಾಡುತ್ತಾರೆ. ಮಾಡಲಿ. ಮೂವತ್ತನಾಲ್ಕು ವರ್ಷದಲ್ಲಿ ನಾನು ಗಿರಾಕಿಗಳ ಮೇಲೆ ರೇಗಿದ್ದೇನೆ, ಸ್ಪ್ಯಾನರ್ ಎಸೆದಿದ್ದೇನೆ, ನಿಮ್ಮ ಗಾಡಿ ತಗೊಂಡು ಹೊರಡಿ ಅಂತ ಎಷ್ಟೋ ಜನರಿಗೆ ಬಾಗಿಲು ತೋರಿಸಿದ್ದೇನೆ. ಗಾಡಿಯ ವಿಷಯದಲ್ಲಿ ಸುಳ್ಳು ಮಾತ್ರ ಹೇಳಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವುದಕ್ಕೆ ನನಗೆ ಕೆಂಡ ಮೇಸ್ತ್ರಿ ಅಂತ ಹೆಸರಿಟ್ಟಿದ್ದಾರೆ. ಬೈದುಕೊಂಡೇ ಬರುತ್ತಾರೆ, ಆದರೆ ಬರುತ್ತಾರೆ.

ಅಣ್ಣ ತೀರಿಕೊಂಡ ಏಳನೇ ವಾರ, ಒಂದು ಸೋಮವಾರ ಬೆಳಿಗ್ಗೆ, ಅವನ ಕಾರನ್ನು ಲಾರಿಯೊಂದು ಎಳೆದುಕೊಂಡು ಬಂತು. ಲಾರಿಯ ಮುಂದಿನ ಸೀಟಿನಿಂದ ಅತ್ತಿಗೆ ಇಳಿದರು. ಕೈಯಲ್ಲಿ ಕಾರಿನ ಬೀಗದ ಕೈ ಇತ್ತು. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನನಗೆ ಕೊಟ್ಟಾಗ ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು.

"ರಿಪೇರಿ ಮಾಡು ಅಂತ ತಂದಿಲ್ಲ ಮರಿ," ಅಂದರು. ನನಗೆ ಐವತ್ತಾರು ವರ್ಷ. ಅಣ್ಣ ಕರೆಯುತ್ತಿದ್ದ ಹಾಗೇ ಅವರೂ ನನ್ನನ್ನು ಮರಿ ಅಂತಲೇ ಕರೆಯುವುದು. "ಇದು ಅವತ್ತು ದಾರಿಯಲ್ಲಿ ಯಾಕೆ ಕೆಟ್ಟಿತು, ಯಾರಿಂದ ಕೆಟ್ಟಿತು, ಅಷ್ಟು ಹೇಳು ಸಾಕು. ಬೇರೆ ಗ್ಯಾರೇಜಿನವರು ನನ್ನ ಸಮಾಧಾನಕ್ಕೆ ಏನಾದರೂ ಹೇಳಿಬಿಡ್ತಾರೆ. ನೀನು ಹಾಗೆ ಹೇಳಲ್ಲ."

"ಯಾರಿಂದ ಅಂದ್ರೆ ಏನು ಅತ್ತಿಗೆ? ಹಳೇ ಗಾಡಿ, ಕೆಡುತ್ತೆ."

"ನಾನು ಪಟ್ಟಿ ದಾಟಿಸಿದೆ ಮರಿ," ಅಂದರು. "ನಾನೇ ಕೆಡಿಸಿದೆ ಅಂತ ಕಾಣುತ್ತೆ. ನಾನು ಕೆಡಿಸದೇ ಇದ್ದಿದ್ರೆ ಅವರು ಉಳೀತಿದ್ರು."

ಯಾವ ಪಟ್ಟಿ, ಏನು ಕಥೆ ಅಂತ ನನಗೆ ಅರ್ಥವಾಗಲಿಲ್ಲ. ಯಾಕೆಂದರೆ ಆ ಕಾರಿನೊಳಗೆ ನಾನು ಒಂದು ಸಲವೂ ಕೂತಿರಲಿಲ್ಲ.

ಅದೊಂದು ಹೊಟ್ಟೆ ಉರಿಸುವ ಕಥೆ. ಅಣ್ಣ ಬೋರ್ಡು ಬರೆಯುವವನು. ಈ ಬೀದಿಯ ಅರ್ಧ ಅಂಗಡಿಗಳ ಹೆಸರು ಅವನ ಕೈಯವು. ನನ್ನ ಗ್ಯಾರೇಜಿನ ಬೋರ್ಡೂ ಅವನದೇ. ಜೀವನವಿಡೀ ಏಣಿ ಮತ್ತು ಬಣ್ಣದ ಡಬ್ಬ ಹೊತ್ತು ನಡೆದವನು, ಇಲ್ಲವೇ ನನ್ನ ಸ್ಕೂಟರಿನ ಹಿಂದೆ ಕೂತವನು. ಐವತ್ತೊಂಬತ್ತನೇ ವಯಸ್ಸಿಗೆ, ನನಗೆ ಒಂದು ಮಾತೂ ಹೇಳದೆ, ಯಾರೋ ದಲ್ಲಾಳಿಯ ಬೆಣ್ಣೆಯಂಥ ಮಾತು ಕೇಳಿ, ಆರು ವರ್ಷ ಹಳೆಯ ಟರ್ಬೊ ಡೀಸೆಲ್ ಕಾರು ಕೊಂಡುಬಿಟ್ಟ. ಕೊಂಡವನು ಹಾರ್ನ್ ಹೊಡೆಯುತ್ತಾ ನೇರ ನನ್ನ ಗ್ಯಾರೇಜಿಗೇ ಬಂದ. ಎಂಜಿನನ್ನು ಒಂದು ಸಲ ಗೊರ್ರೆನ್ನಿಸಿ ಪಟ್ಟನೆ ಆರಿಸಿ, ಬಾಗಿಲು ತೆಗೆದು, "ಹತ್ತು ಮರಿ, ಇವತ್ತು ನಿನ್ನ ನಾನು ಕೂರಿಸ್ಕೊಂಡು ಹೋಗ್ತೀನಿ" ಅಂದ. ಮುಖದಲ್ಲಿ ಆ ಹೊತ್ತಿದ್ದ ಖುಷಿಯನ್ನು ನಾನು ಈಗ ನೆನೆಸಿಕೊಳ್ಳುತ್ತೇನೆ. ಆಗ ನೋಡಲಿಲ್ಲ. ಮನೆಯಲ್ಲಿ ಮೆಕ್ಯಾನಿಕ್ ತಮ್ಮನನ್ನು ಇಟ್ಟುಕೊಂಡು ಅವನಿಗೆ ತೋರಿಸದೆ ಗಾಡಿ ತಗೊಂಡನಲ್ಲ ಅಂತ ನನ್ನ ಮೈಯೆಲ್ಲ ಉರಿದುಹೋಗಿತ್ತು.

ಮೂವರು ಗಿರಾಕಿಗಳು ನಿಂತಿದ್ದರು. ಎದುರಿಗೆ ಸೀಟ್ ಕವರ್ ಹೊಲಿಯುವ ಮುದುಕ ಹೊಲಿಗೆ ಯಂತ್ರ ನಿಲ್ಲಿಸಿ ನೋಡುತ್ತಿದ್ದ. ಅವರೆಲ್ಲರ ಮುಂದೆ ನಾನು ಬಾಯಿಗೆ ಬಂದಂತೆ ಬೈದೆ.

"ಹಳೇ ಟರ್ಬೊ ಅಂದ್ರೆ ಏನು ಅಂದ್ಕೊಂಡಿದ್ದೀಯ? ಆನೆ ಸಾಕಿದ ಹಾಗೆ ಕಣೋ! ಆಯಿಲ್ ಸೀಲ್ ಹೋಗಿ ನೀಲಿ ಹೊಗೆ ಕಕ್ಕುತ್ತೆ. ಗಾಳಿ ಪೈಪು ಸೀಳಿ ನಡುದಾರಿಯಲ್ಲಿ ಸೀಟಿ ಹೊಡೀತಾ ನಿಲ್ಲುತ್ತೆ. ಒಂದೊಂದು ಇಂಜೆಕ್ಟರಿಗೆ ನೀನು ಹತ್ತತ್ತು ಬೋರ್ಡು ಬರೀಬೇಕು. ಟರ್ಬೊನೇ ಹೋದ್ರೆ ಏಣಿ ಮಾರಬೇಕು. ಇನ್ನೊಬ್ಬ ಅನುಭವಿಸಿ ಸಾಕಾಗಿ ಬಿಟ್ಟ ತಲೆನೋವನ್ನ ದುಡ್ಡು ಕೊಟ್ಟು ತಂದಿದ್ದೀಯಲ್ಲೋ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಕೇಳಿಸ್ಕೊ. ಎಂಜಿನ್ ಸುತ್ತು ತೋರಿಸೋ ಆ ಮೀಟರಿನ ಮುಳ್ಳು ಎರಡು ಸಾವಿರ ದಾಟ್ತೋ, ಟರ್ಬೊ ಸಿಡಿದು ನಿನ್ನ ಎದೆಗೇ ಬರುತ್ತೆ. ಆರಿಸೋ ಮುಂಚೆ ಎರಡು ನಿಮಿಷ ದೇವರ ಧ್ಯಾನ ಮಾಡ್ತಾ ಕೂತ್ಕೊ, ಇಲ್ಲಾಂದ್ರೆ ಬೇರಿಂಗ್ ಸುಟ್ಟು ಹೋಗುತ್ತೆ. ಐದು ಸಾವಿರ ಕಿಲೋಮೀಟರಿಗೊಂದು ಸಲ ಆಯಿಲ್ ಬದಲಾಯಿಸು. ಇನ್ನೊಂದು ಸಲ ಈ ದರಿದ್ರವನ್ನ ನನ್ನ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಬೇಡ!"

ಆಯಿಲ್ ಮಾತು ಸರಿ. ಎರಡು ನಿಮಿಷದ ಮಾತು, ದೂರದಿಂದ ಜೋರಾಗಿ ಓಡಿಸಿಕೊಂಡು ಬಂದಿದ್ದರೆ ಸರಿ. ಆದರೆ ಎರಡು ಸಾವಿರದ ಮಾತು ಬರೀ ಸಿಟ್ಟು. ಅದಕ್ಕೆ ತಲೆಬುಡ ಇರಲಿಲ್ಲ. ಟರ್ಬೊ ಗಾಡಿಯನ್ನು ಆಗಾಗ ಎಳೆದು ಓಡಿಸಲೇಬೇಕು, ಇಲ್ಲದಿದ್ದರೆ ಒಳಗೆ ಮಸಿ ಕಟ್ಟುತ್ತದೆ ಅಂತ ನಾನೇ ದಿನಕ್ಕೆ ನಾಲ್ಕು ಜನಕ್ಕೆ ಹೇಳುವವನು.

ಅಣ್ಣ, "ಆಯ್ತು ಮರಿ," ಅಂದ. ಕಾರು ಹತ್ತಿ ಹುಷಾರಾಗಿ ಹಿಂದೆ ತೆಗೆದು, ಎದುರಿನ ಸೀಟ್ ಕವರ್ ಅಂಗಡಿಯ ಮುಂದೆ ನಿಲ್ಲಿಸಿದ. ಆದರೆ ಇಳಿಯಲಿಲ್ಲ. ಎಂಜಿನ್ ಚಾಲೂ ಇಟ್ಟುಕೊಂಡು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ನಾನು ಹೋಗಿ ಸಮಾಧಾನ ಮಾಡಲಿ ಅಂತ ಕೂತಿದ್ದಾನೆ ಅಂದುಕೊಂಡೆ. "ನೋಡು ನಾಟಕ," ಅಂತ ಗಿರಾಕಿಗೆ ಹೇಳಿ ಗಾಡಿಯ ಕೆಳಗಿನ ಗುಂಡಿಗಿಳಿದು ಕೆಲಸಕ್ಕೆ ತೊಡಗಿದೆ.

ಆಮೇಲೆ ಮೂರು ವರ್ಷ ನಾವು ನೇರವಾಗಿ ಮಾತಾಡಲಿಲ್ಲ. ನೆಂಟರ ಮನೆಯಲ್ಲಿ ಎದುರಾದರೆ ಅವನು "ಮರಿ ಊಟ ಮಾಡಿದ್ನಾ ಕೇಳು" ಅನ್ನುವುದು, ನಾನು "ಆಯ್ತು ಅನ್ನಿ ಅತ್ತಿಗೆ" ಅನ್ನುವುದು. ಒಂದೇ ಚಾಪೆಯ ಮೇಲೆ ಕೂತಿರುತ್ತಿದ್ದೆವು. ಅವನ ಕಾರು ನಮ್ಮ ಬೀದಿಗೆ ಬಂದರೆ ನಾನು ಗಾಡಿಯ ಕೆಳಗಿನ ಗುಂಡಿಗೆ ಇಳಿದುಬಿಡುತ್ತಿದ್ದೆ. ಅವನೇ ಮೊದಲು ಬರಲಿ ಅನ್ನುವುದು ನನ್ನ ಹಟ. ಅವನು ತಪ್ಪೊಪ್ಪಿಕೊಂಡು ಬಂದರೆ ಎರಡು ಬೈದು ಆಮೇಲೆ ಬಾನೆಟ್ ಎತ್ತೋಣ ಅಂತ ಕಾಯುತ್ತಲೇ ಇದ್ದೆ.

ಅತ್ತಿಗೆ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಅವತ್ತಿನದನ್ನು ಹೇಳಿದರು. ಬೆಳಿಗ್ಗೆ ಏಳು ಗಂಟೆ. ಅಣ್ಣ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಇರುವುದೊಂದು ಬೇರೆ ಕಡೆ ಹೋಗಿದೆ, ಮುಕ್ಕಾಲು ಗಂಟೆ ಆಗುತ್ತೆ ಅಂದರು. ಆಸ್ಪತ್ರೆ ಆರು ಕಿಲೋಮೀಟರು. ಬಾಗಿಲಲ್ಲೇ ಕಾರಿದೆ. ಅಣ್ಣನೇ ಅವರಿಗೆ ಓಡಿಸಲು ಕಲಿಸಿದ್ದ. ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಹೊರಟರು.

"ರೈಲು ಹಳಿ ಮೇಲಿನ ಸೇತುವೆ ಇದೆಯಲ್ಲ, ಅದರ ಏರಿನ ಬುಡದವರೆಗೂ ಚೆನ್ನಾಗೇ ಬಂತು. ಅಲ್ಲಿ ಅವರಿಗೆ ಜಾಸ್ತಿ ಆಯ್ತು. ತುಟಿ ಒಂಥರಾ ಆಗಿತ್ತು. ನನಗೆ ದಿಕ್ಕು ತೋಚದೆ ಜೋರಾಗಿ ತುಳಿದುಬಿಟ್ಟೆ. ಮುಳ್ಳು ಪಟ್ಟಿ ದಾಟಿತು. ದಾಟಿದ್ದೇ ತಡ, ಮೀಟರಲ್ಲಿ ಹಳದಿ ದೀಪ ಹತ್ತಿತು, ಗಾಡಿ ಸತ್ತ ಹಾಗಾಯ್ತು. ಎಷ್ಟು ತುಳಿದರೂ ಆಮೆ ಹಾಗೆ ತೆವಳ್ತಾ ಇತ್ತು. ಹಿಂದಿನವರೆಲ್ಲ ಹಾರ್ನ್ ಹೊಡೀತಿದ್ರು. ಒಂದು ಸಲ ಆರಿಸಿ ಮತ್ತೆ ಚಾಲೂ ಮಾಡಿ ನೋಡ್ಲಾ ಅಂತ ಕೇಳಿದೆ. ಅವರಿಗೆ ಮಾತಾಡೋದೇ ಕಷ್ಟ ಆಗಿತ್ತು. ಆದ್ರೂ ಕೈ ಅಡ್ಡ ಮಾಡಿದ್ರು."

"ಯಾಕೆ?"

"'ಬಿಸಿ ಇದೆ, ಆರಿಸಬೇಡ, ಮರಿ ಬೈತಾನೆ' ಅಂದ್ರು."

ನಾನು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ್ದ ಸ್ಪ್ಯಾನರನ್ನೇ ಮತ್ತೆ ಒರೆಸಿದೆ. ಇಂಥ ಗಾಡಿಗಳಲ್ಲಿ ಏನಾದರೂ ಎಡವಟ್ಟಾದರೆ ಅದರ ಕಂಪ್ಯೂಟರು ತಾನೇ ಶಕ್ತಿ ತಗ್ಗಿಸಿಬಿಡುತ್ತದೆ, ಕುಂಟಿಕೊಂಡಾದರೂ ಮನೆ ಸೇರಲಿ ಅಂತ. ಬಹಳ ಸಲ ಅದಕ್ಕೆ ಮದ್ದು ಒಂದೇ. ಆರಿಸಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಚಾಲೂ ಮಾಡುವುದು. ಆಮೇಲೆ ಎಷ್ಟೋ ಗಾಡಿ ಏನೂ ಆಗದ ಹಾಗೆ ಏರು ಹತ್ತುತ್ತವೆ. ಇದನ್ನು ಅತ್ತಿಗೆಗೆ ಹೇಳಲಿಲ್ಲ.

"ಡಾಕ್ಟರು ಇನ್ನೊಂದು ಹತ್ತು ನಿಮಿಷ ಮುಂಚೆ ಬಂದಿದ್ರೆ ನೋಡಬಹುದಿತ್ತು ಅಂದ್ರು," ಅಂತ ಅತ್ತಿಗೆ ಎದ್ದರು. "ಆ ಹತ್ತು ನಿಮಿಷ ನನ್ನ ಕಾಲಿಂದ ಹೋಯ್ತಾ, ಅಷ್ಟು ಹೇಳು. ಹೌದಾದ್ರೆ ಹೌದು ಅನ್ನು. ತಡ್ಕೋತೀನಿ."

ಅವರು ಹೋದಮೇಲೆ ಮಧ್ಯಾಹ್ನದವರೆಗೆ ನಾನು ಆ ಕಾರನ್ನು ಮುಟ್ಟಲಿಲ್ಲ. ಆಮೇಲೆ ಬಾಗಿಲು ತೆಗೆದು ಅಣ್ಣನ ಸೀಟಿನಲ್ಲಿ ಕೂತೆ. ಬಣ್ಣ ಮತ್ತು ಟರ್ಪೆಂಟೈನಿನ ವಾಸನೆ ಇನ್ನೂ ಇತ್ತು. ಎದುರಿಗೆ ಮೀಟರಿನ ಗಾಜಿನ ಮೇಲೆ, ಸರಿಯಾಗಿ ಎರಡು ಸಾವಿರದ ಗೆರೆಗೆ, ಕೂದಲೆಳೆಯಷ್ಟೂ ವಾರೆಯಾಗದ ಹಾಗೆ ಒಂದು ಕೆಂಪು ಪಟ್ಟಿ ಅಂಟಿಸಿದ್ದ. ಅವನು ಏನು ಕತ್ತರಿಸಿದರೂ ಅಂಚು ಅಷ್ಟು ನೀಟು. ಬಿಸಿಲಿಗೆ ಅಡ್ಡ ಇಳಿಸಿಕೊಳ್ಳುವ ತಲೆಮೇಲಿನ ಹಲಗೆಯನ್ನು ಇಳಿಸಿದೆ. ಅದರ ಹಿಂದೆ, ಅಂಗಡಿ ಬೋರ್ಡಿಗೆ ಬರೆಯುವ ಹಾಗೆ, ನೆರಳು ಕೊಟ್ಟು, ಕೆಳಗೊಂದು ಬಳ್ಳಿ ಎಳೆದು ಬರೆದಿದ್ದ:

ಮರಿಯ ಮಾತು
೧. ಮುಳ್ಳು ಎರಡು ಸಾವಿರ ದಾಟಬಾರದು
೨. ಆರಿಸುವ ಮುನ್ನ ಎರಡು ನಿಮಿಷ
೩. ಐದು ಸಾವಿರಕ್ಕೆ ಆಯಿಲ್
೪. ಮರಿಯ ಗ್ಯಾರೇಜಿನ ಮುಂದೆ ನಿಲ್ಲಿಸಬಾರದು

ನಾನು ಬೈದದ್ದನ್ನು ಅವನು ಬೈಗುಳ ಅಂದುಕೊಂಡೇ ಇರಲಿಲ್ಲ. ನಾಲ್ಕನ್ನೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ ಬರೆದಿದ್ದ. ನಾನು ಬಾಗಿಲು ಹಾಕಿಕೊಂಡು, ಗಾಜು ಏರಿಸಿಕೊಂಡು, ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತೆ. ಅಣ್ಣನ ಹೆಣದ ಮುಂದೆ ಇಷ್ಟು ಅಳು ಬಂದಿರಲಿಲ್ಲ. ಅವತ್ತು ನಾಲ್ಕು ಜನ ನೋಡುತ್ತಾರೆ ಅಂತ ಹಲ್ಲು ಕಚ್ಚಿ ನಿಂತಿದ್ದೆ.

ಸೀಟ್ ಕವರಿನ ಮುದುಕ ಗಾಜು ತಟ್ಟಿದ. ಇಳಿಸಿದೆ.

"ಈ ಸೀಟು ನೋಡಿದೆಯಾ?" ಅಂದ. "ಮೂರು ವರ್ಷದಲ್ಲಿ ಐದು ಸಲ ಬದಲಾಯಿಸಿದ್ದಾನೆ ನಿಮ್ಮಣ್ಣ. ಹರಿಯೋದಿರಲಿ, ಒಂದು ಹೊಲಿಗೆ ಕೂಡ ಬಿಟ್ಟಿರಲಿಲ್ಲ. ಯಾಕಪ್ಪಾ ದುಡ್ಡು ಹಾಳು ಮಾಡ್ತೀಯ ಅಂದ್ರೆ, ಬಣ್ಣ ಹಿಡಿಸಲಿಲ್ಲ ಅಂತಿದ್ದ. ನಾನು ಹೊಲಿಯೋವರೆಗೂ ಬೆಂಚಿನ ಮೇಲೆ ಕೂತು ನಿನ್ನ ಬಾಗಿಲನ್ನೇ ನೋಡ್ತಿದ್ದ. ನೀನು ಆ ಗುಂಡಿ ಬಿಟ್ಟು ಮೇಲೆ ಬರ್ತಿರಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ ನನಗೆ?"

"ಹೇಳೋಣ ಅಂದ್ರೆ ನಿನ್ನ ಬಾಯಿಗೆ ಯಾರಪ್ಪ ಬೀಳ್ತಾರೆ," ಅಂತ ಅವನು ವಾಪಸು ಹೋದ.

ಬುಧವಾರ ಟರ್ಬೊ ಬಿಚ್ಚಿದೆ. ಮೊದಲು ಕಂಪ್ಯೂಟರಿಗೆ ತಂತಿ ಚುಚ್ಚಿ ಅದು ಬರೆದಿಟ್ಟುಕೊಂಡದ್ದನ್ನು ಓದಿದೆ. ಎಂಜಿನ್ ಎರಡು ಸಾವಿರದ ಆರುನೂರು ತಿರುಗುತ್ತಿದ್ದಾಗ ಟರ್ಬೊ ಕೈಕೊಟ್ಟಿದೆ ಅಂತ ಇತ್ತು. ಅತ್ತಿಗೆ ಹೇಳಿದ್ದು ನಿಜ. ಪಟ್ಟಿ ದಾಟಿದ ಕ್ಷಣವೇ ಕೆಟ್ಟಿತ್ತು. ತುಕ್ಕು ಹಿಡಿದ ಎರಡು ಬೋಲ್ಟು ಅರ್ಧ ದಿನ ಸತಾಯಿಸಿದವು. ಟರ್ಬೊ ಅಂದರೆ ಬಸವನ ಹುಳುವಿನ ಚಿಪ್ಪಿನಂಥ ಕವಚದೊಳಗೆ ಒಂದು ಪುಟ್ಟ ಫ್ಯಾನು. ಎಂಜಿನ್ನಿನ ಬಿಸಿ ಹೊಗೆ ಅದನ್ನು ತಿರುಗಿಸಿದರೆ ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಆ ಫ್ಯಾನಿನ ಸುತ್ತ ಒಂದು ಉಂಗುರ, ಉಂಗುರದ ತುಂಬ ಉಗುರಿನಷ್ಟಗಲದ ಎಸಳುಗಳು. ನಾವು ತುಳಿದ ಹಾಗೆ ಅವು ತೆರೆದು ಮುಚ್ಚಿ ಮಾಡಬೇಕು.

ಫ್ಯಾನನ್ನು ಬೆರಳಲ್ಲಿ ತಿರುಗಿಸಿದೆ. ಹೊಸದರ ಹಾಗೆ ತಿರುಗಿತು. ಬೇರಿಂಗ್ ಗಟ್ಟಿ, ಅಲುಗಾಟವೇ ಇಲ್ಲ. ಆಯಿಲ್ ಒಂದು ದಿನವೂ ತಪ್ಪಿರಲಿಲ್ಲ. ಇಷ್ಟು ಜೋಪಾನವಾಗಿಟ್ಟ ಹಳೇ ಟರ್ಬೊ ನಾನು ನೋಡೇ ಇರಲಿಲ್ಲ. ಆದರೆ ಆ ಎಸಳುಗಳು! ಮೂರು ವರ್ಷದ ಮಸಿ ಕಲ್ಲಾಗಿ ಕೂತು ಒಂದೊಂದೂ ಬಿಗಿದುಕೊಂಡಿದ್ದವು. ಮೂರು ವರ್ಷ ಈ ಕಾರು ಒಂದು ದಿನವೂ ಉಸಿರು ಬಿಟ್ಟು ಓಡಿರಲಿಲ್ಲ. ಒಮ್ಮೊಮ್ಮೆ ಪಟ್ಟಿ ದಾಟಿಸಿ ಎಳೆದಿದ್ದರೆ ಬಿಸಿಗೆ ಆ ಮಸಿ ತಾನೇ ಸುಟ್ಟು ಉದುರಿಹೋಗುತ್ತಿತ್ತು. ಕೊನೆಗೆ ಅತ್ತಿಗೆ ಗಂಡನ ಜೀವಕ್ಕಾಗಿ ತುಳಿದಾಗ ಎಸಳುಗಳು ಅಲುಗಲಿಲ್ಲ.

ಕೆಟ್ಟಿದ್ದು ಅತ್ತಿಗೆಯ ಕಾಲಿಂದಲ್ಲ, ನನ್ನ ಬಾಯಿಂದ.

ಆ ಮೂರು ದಿನ ನನಗೆ ಊಟ ಸೇರಲಿಲ್ಲ. ಒಂದು ಸುಲಭದ ದಾರಿ ಕಣ್ಣೆದುರಿಗೇ ಇತ್ತು. ಹಳೇ ಟರ್ಬೊ ಅತ್ತಿಗೆ, ಕೊಂಡಾಗಲೇ ಕೆಟ್ಟಿತ್ತು, ದಲ್ಲಾಳಿ ಕಿವಿಗೆ ಹೂವಿಟ್ಟಿದ್ದಾನೆ, ನಿಮ್ಮದೇನೂ ತಪ್ಪಿಲ್ಲ. ಇಷ್ಟು ಹೇಳಿದರೆ ಅವರೂ ಹಗುರ, ನಾನೂ ಪಾರು. ಹೊಸ ಉಂಗುರ ತರಿಸಿ, ಟರ್ಬೊ ಕೂರಿಸಿ, ಬೋಲ್ಟು ಬಿಗಿಯುವಾಗಲೆಲ್ಲ ಆ ಮಾತನ್ನು ಬಾಯಲ್ಲಿ ಉರುಳಿಸಿ ನೋಡಿದೆ. ಅವರು ರಿಪೇರಿ ಬೇಡ ಅಂದಿದ್ದರು ನಿಜ. ಬಿಚ್ಚಿದ ಗಾಡಿಯನ್ನು ಹಾಗೇ ಕೊಡುವ ಅಭ್ಯಾಸ ನನಗಿಲ್ಲ. ಹಳೇ ಉಂಗುರವನ್ನು ಮಾತ್ರ ತೊಳೆಯಲಿಲ್ಲ. ಮಸಿ ಸಮೇತ ಬಟ್ಟೆಯಲ್ಲಿ ಸುತ್ತಿಟ್ಟೆ. ಅದನ್ನು ಅವರ ಕೈಗೆ ಕೊಟ್ಟು ದಲ್ಲಾಳಿಯ ಹೆಸರು ಹೇಳುವುದು ನನ್ನಿಂದ ಆಗುವುದಿಲ್ಲ ಅಂತ ಶುಕ್ರವಾರದ ಹೊತ್ತಿಗೆ ಗೊತ್ತಾಗಿತ್ತು.

ಶನಿವಾರ ಹತ್ತು ಗಂಟೆಗೆ ಅತ್ತಿಗೆ ಬಂದರು. ಅದೇ ಸ್ಟೂಲಿನ ಮೇಲೆ ಕೂತರು.

"ಕೈ ಚಾಚಿ ಅತ್ತಿಗೆ."

ಅಂಗೈ ಮೇಲೆ ಉಂಗುರ ಇಟ್ಟೆ. ಒಂದು ಎಸಳಿಗೆ ಅವರ ಬೆರಳನ್ನೇ ಹಿಡಿದು ಒತ್ತಿಸಿದೆ. "ಇದು ಅಲುಗಾಡಬೇಕು. ಅಲುಗುತ್ತಾ?"

"ಇಲ್ಲ."

"ಇದು ಮಸಿ. ಇದು ಒಂದು ದಿನದಲ್ಲಿ ಕಟ್ಟಿದ್ದಲ್ಲ, ಮೂರು ವರ್ಷದ್ದು. ನೀವು ಪಟ್ಟಿ ದಾಟಿಸಿದ್ದಕ್ಕೆ ಕೆಟ್ಟಿದ್ದಲ್ಲ ಅತ್ತಿಗೆ. ಮೂರು ವರ್ಷ ಯಾರೂ ದಾಟಿಸದೇ ಇದ್ದಿದ್ದಕ್ಕೆ ಕೆಟ್ಟಿದ್ದು. ದಾಟಿಸಬೇಡ ಅಂದೋನು ನಾನು. ಅದು ತಪ್ಪು ಮಾತು. ಎರಡು ಸಾವಿರಕ್ಕೂ ಟರ್ಬೊ ಸಿಡಿಯೋದಕ್ಕೂ ಸಂಬಂಧವೇ ಇಲ್ಲ. ಅವತ್ತು ಅವನ ಮೇಲಿನ ಸಿಟ್ಟಿಗೆ ಬಾಯಿಗೆ ಬಂದ ನಂಬರು ಹೇಳಿದೆ. ಅವನು ಅದಕ್ಕೆ ಪಟ್ಟಿ ಅಂಟಿಸಿಕೊಂಡ." ನಾನು ಕೈಗಂಟಿದ ಮಸಿ ಒರೆಸಿಕೊಂಡೆ. "ಯಾರಿಂದ ಕೆಟ್ಟಿತು ಅಂತ ಕೇಳಿದ್ರಲ್ಲ. ನನ್ನಿಂದ."

ಬೈಯಲಿ ಅಂತ ಕಾದೆ. ಆ ಉಂಗುರವನ್ನು ನನ್ನ ಮುಖಕ್ಕೆ ಎಸೆದಿದ್ದರೂ ಆಗುತ್ತಿತ್ತು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳೆಲ್ಲ ಕಪ್ಪಾಯಿತು.

"ಹಾಗಾದ್ರೆ ನಾನಲ್ಲ," ಅಂದರು ಮೆಲ್ಲಗೆ.

"ನೀವಲ್ಲ."

"ನೀನು ಗಾಡಿ ವಿಷಯದಲ್ಲಿ ತಪ್ಪು ಹೇಳ್ತೀಯ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ ಮರಿ," ಅಂದರು. ಅದರಲ್ಲಿ ಕೋಪ ಇರಲಿಲ್ಲ. ಅಣ್ಣನ ಬಗ್ಗೆ ಮರುಕದಿಂದ ಹೇಳಿದ ಮಾತು. ಆದರೆ ನನಗೆ ಯಾವ ಬೈಗುಳವೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ.

ಎದುರು ಅಂಗಡಿಯ ಹೊಲಿಗೆ ಯಂತ್ರ ಓಡುತ್ತಿತ್ತು.

"ಇನ್ನೊಂದು ಕೇಳಬೇಕು," ಅಂದರು. "ಇದನ್ನ ಯಾರಿಗೂ ಹೇಳಿಲ್ಲ."

"ಕೇಳಿ."

"ಆಸ್ಪತ್ರೆ ಬಾಗಿಲಿಗೆ ಹೋದ ತಕ್ಷಣ ಅವರನ್ನ ಗಾಲಿ ಮಂಚದ ಮೇಲೆ ಮಲಗಿಸಿ ಒಳಗೆ ತಗೊಂಡು ಹೋದ್ರು. ಕಾವಲಿನವನು ಗಾಡಿ ಪಕ್ಕಕ್ಕೆ ಹಾಕಿ ಅಂದ. ಹಾಕಿದೆ." ಅವರು ನೆಲ ನೋಡುತ್ತಿದ್ದರು. "ಹಾಕಿ, ಕೂತೆ. ಎರಡು ನಿಮಿಷ. ಗಡಿಯಾರ ನೋಡ್ಕೊಂಡು ಕೂತೆ. ಮೂರು ವರ್ಷ ದಿನಾ ಕೂತು ಕೂತು, ಹಾಗೇ ಇಳಿಯೋದು ಗೊತ್ತೇ ಇರಲಿಲ್ಲ ನನಗೆ. ಆರಿಸಿ, ಬೀಗ ಹಾಕಿ, ಒಳಗೆ ಓಡಿದೆ. ಪರದೆ ಎಳೆದಿದ್ರು. ನರ್ಸ್ ಹೇಳಿದ್ಲು, ಈಗ, ಈಗಷ್ಟೇ ನಿಮ್ಮನ್ನ ಕೇಳ್ತಿದ್ರು ಅಂತ."

ಅತ್ತಿಗೆ ತಲೆ ಎತ್ತಿದರು.

"ಮರಿ, ಕೂರಬೇಕಿತ್ತಾ ಅವತ್ತು? ಗಾಡಿಗೆ ಅದು ಬೇಕಿತ್ತಾ?"

ಬೇಕಿರಲಿಲ್ಲ. ಏರಿನಿಂದ ಆಸ್ಪತ್ರೆಯವರೆಗೆ ತೆವಳಿಕೊಂಡು ಬಂದ ಗಾಡಿ ಅದು. ಆ ಟರ್ಬೊ ಕೆಲಸವನ್ನೇ ಮಾಡಿರಲಿಲ್ಲ, ಬಿಸಿ ಏರುವ ಮಾತೇ ಇರಲಿಲ್ಲ. ಬಾಗಿಲು ಕೂಡ ಹಾಕದೆ ಅವರು ಇಳಿದು ಓಡಿದ್ದರೂ ಒಂದು ತಿರುಪಿಗೂ ಏನೂ ಆಗುತ್ತಿರಲಿಲ್ಲ. ಅಣ್ಣನ ಕೈ ಹಿಡಿದುಕೊಳ್ಳುವುದಕ್ಕೆ ಎರಡು ನಿಮಿಷ ಸಿಗುತ್ತಿತ್ತು.

ಮೂವತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದ ನಾಲಿಗೆ ನನ್ನದು.

"ಬೇಕಿತ್ತು ಅತ್ತಿಗೆ," ಅಂದೆ. "ಏರಿನಲ್ಲಿ ಅಷ್ಟು ತುಳಿದಿದ್ರಿ, ಒಳಗೆಲ್ಲ ಕಾದು ಕೆಂಪಗಾಗಿತ್ತು. ತಕ್ಷಣ ಆರಿಸಿದ್ರೆ ಆಯಿಲಿಗೆ ಬೆಂಕಿ ಹತ್ತಬಹುದಿತ್ತು. ಆಸ್ಪತ್ರೆ ಬಾಗಿಲು, ಒಳಗೆ ಎಷ್ಟು ಜನ ರೋಗಿಗಳು. ನೀವು ಕೂತಿದ್ದು ಒಳ್ಳೇದೇ ಆಯ್ತು."

ಅವರು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅವರ ಭುಜ ಇಳಿಯಿತು. ಏಳು ವಾರದಿಂದ ಎತ್ತಿ ಹಿಡಿದಿದ್ದ ಭುಜ.

"ನೀನು ಗಾಡಿ ವಿಷಯದಲ್ಲಿ ಸುಳ್ಳು ಹೇಳಲ್ಲ," ಅಂದರು. ಕಣ್ಣೊರೆಸಿಕೊಂಡರು. ಕೆನ್ನೆಗೆಲ್ಲ ಮಸಿಯಾಯಿತು. ನಾನು ಬಟ್ಟೆ ಕೊಟ್ಟೆ. ಉಂಗುರವನ್ನು ಅವರು ತಮ್ಮ ಚೀಲಕ್ಕೆ ಹಾಕಿಕೊಂಡರು.

ಅವರನ್ನು ಮನೆಗೆ ಬಿಡಲು ಅಣ್ಣನ ಕಾರನ್ನೇ ತೆಗೆದೆ. ಅದೇ ಸೇತುವೆ ದಾಟಿಕೊಂಡು ಹೋಗಬೇಕು. ಏರಿನ ಬುಡದಲ್ಲಿ ಅತ್ತಿಗೆ ಬಾಗಿಲಿನ ಹಿಡಿ ಹಿಡಿದುಕೊಂಡರು. ನಾನು ತುಳಿದೆ. ಮುಳ್ಳು ಕೆಂಪು ಪಟ್ಟಿ ದಾಟಿ ಎರಡೂವರೆ ಸಾವಿರಕ್ಕೆ, ಮೂರು ಸಾವಿರಕ್ಕೆ ಹೋಯಿತು. ಯಾವ ದೀಪವೂ ಹತ್ತಲಿಲ್ಲ. ಕಾರು ಒಂದೇ ಉಸಿರಿಗೆ ಏರು ಹತ್ತಿತು.

"ಎಷ್ಟು ಚೆನ್ನಾಗಿ ಹತ್ತುತ್ತೆ," ಅಂದರು ಅತ್ತಿಗೆ. ಅಂದು ಕಿಟಕಿಯ ಕಡೆಗೆ ತಿರುಗಿಕೊಂಡವರು ಮನೆಯ ಬೀದಿ ಬರುವವರೆಗೂ ಇತ್ತ ತಿರುಗಲಿಲ್ಲ.

ಅವರ ಬೀದಿ ಇಕ್ಕಟ್ಟು. ಕೊನೆಯ ಅರ್ಧ ಕಿಲೋಮೀಟರು ಎರಡನೇ ಗೇರಿನಲ್ಲೇ ಹೋಗಬೇಕು. ಮನೆ ಮುಂದೆ ನಿಲ್ಲಿಸಿದೆ. ಟರ್ಬೊ ಆಗಲೇ ತಣಿದಿತ್ತು. ಬೀಗದ ಕೈಗೆ ಕೈ ಹಾಕಿದವನು ಹಾಗೇ ತಡೆದೆ. ಅತ್ತಿಗೆ ಮಡಿಲಲ್ಲಿ ಕೈ ಜೋಡಿಸಿಕೊಂಡು, ಇಳಿಯುವ ಯೋಚನೆಯೇ ಇಲ್ಲದವರ ಹಾಗೆ ನೆಟ್ಟಗೆ ಕೂತಿದ್ದರು. ಮನೆಯ ಗೋಡೆಗೆ ಅಣ್ಣನ ಏಣಿ ಒರಗಿಸಿತ್ತು.

"ಈ ಎರಡು ನಿಮಿಷ ದೇವರ ಧ್ಯಾನ ಮಾಡಬೇಕು ಅಂತ ನೀನು ಹೇಳಿದ್ದೆಯಂತೆ," ಅಂದರು. "ನಿಮ್ಮಣ್ಣ ಯಾವ ಧ್ಯಾನವೂ ಮಾಡ್ತಿರಲಿಲ್ಲ. ನಿನ್ನ ಮಾತೇ ಆಡ್ತಿದ್ರು. ಇವತ್ತು ಮರಿ ಗ್ಯಾರೇಜಲ್ಲಿ ಎರಡು ಲಾರಿ ನಿಂತಿದ್ವು, ಕೆಲಸ ಜೋರಿದೆ. ಮರಿ ಕೂದಲು ಬೆಳ್ಳಗಾಗಿದೆ. ಮರಿ ಇವತ್ತು ಯಾರಿಗೋ ಬೈತಿದ್ದ, ದನಿ ಗಟ್ಟಿಯಾಗೇ ಇದೆ. ಹೀಗೇ ಏನಾದರೊಂದು. ಒಳಗೆ ಹೋದ ಮೇಲೆ ನಿನ್ನ ಹೆಸರೆತ್ತಿದ್ರೆ ನಾನು ರೇಗ್ತಿದ್ದೆ, ಅವನೇ ಬರಲಿ ಬಿಡಿ ಅಂತ. ಅದಕ್ಕೆ ಇಲ್ಲೇ, ಈ ಎರಡು ನಿಮಿಷದಲ್ಲೇ ಮುಗಿಸ್ತಿದ್ರು."

ನಾನು ಸ್ಟಿಯರಿಂಗ್ ಬಿಡಲಿಲ್ಲ. ಎಂಜಿನ್ ಸಣ್ಣಗೆ ಗುಣುಗುಟ್ಟುತ್ತಿತ್ತು. ಇದೇ ಸ್ಟಿಯರಿಂಗಿನ ಹಿಂದೆ ಕೂತು ಅವನು ಮೂರು ವರ್ಷ ದಿನಾ 'ಮರಿ, ಮರಿ' ಅಂದಿದ್ದ. ನಾನು ಗುಂಡಿಯೊಳಗಿದ್ದೆ.

ಅತ್ತಿಗೆ ಕೈಗಡಿಯಾರ ನೋಡಿಕೊಂಡರು.

"ಎರಡು ನಿಮಿಷ ಆಯ್ತು ಮರಿ. ಆರಿಸು."

"ಇಲ್ಲ ಅತ್ತಿಗೆ," ಅಂದೆ. "ಇನ್ನೂ ಬಿಸಿ ಇದೆ. ಇನ್ನು ಸ್ವಲ್ಪ ಹೊತ್ತು ಕೂರೋಣ."